ಎರಡನೇ ಪ್ರತಿ ಇಲ್ಲದ ಚಿತ್ರ

ಮೊದಲ ವರ್ಷದ ಕಲಾ ಫೈಲನ್ನು ನಾನು ದುಡ್ಡು ಕೊಟ್ಟು ಬರೆಸಿದೆ. ಬಸ್ ನಿಲ್ದಾಣದ ಹಿಂದಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಚಾರ್ಟು, ಪ್ರಾಜೆಕ್ಟು, ರೆಕಾರ್ಡು ಎಲ್ಲವನ್ನೂ ಮಾಡಿಕೊಡುತ್ತಾರೆ. ಹತ್ತು ಹಾಳೆಗೆ ನಾನೂರು ರೂಪಾಯಿ. ವರ್ಲಿ ಕುಣಿತ, ಮಧುಬನಿ ಮೀನು, ಒಂದು ನವಿಲು, ಒಂದು ರಂಗೋಲಿ, ಒಂದು ಹಸೆ ಚಿತ್ತಾರ. ನನ್ನ ಕೈಯಿಂದ ಆದದ್ದು ಮೊದಲ ಪುಟದಲ್ಲಿ ಹೆಸರು ಮತ್ತು ನೋಂದಣಿ ಸಂಖ್ಯೆ ಬರೆದದ್ದು ಮಾತ್ರ. ಇದನ್ನು ಕಾಲೇಜಿನ ಪತ್ರಿಕೆಯಲ್ಲೇ ಬರೆಯುವುದು ಜಾಣತನವಲ್ಲ ಎಂದು ಗೆಳತಿಯರು ಹೇಳಿದರು. ಆದರೆ ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ಈ ಲೇಖನವೂ ಅಂಥದೇ ಇನ್ನೊಂದು ಫೈಲಾಗುತ್ತದೆ.

ಹೆಚ್ಚು ನಾಚಿಕೆಯಾಗಿದ್ದು ಹಸೆ ಚಿತ್ತಾರದ ಹಾಳೆಯಿಂದ. ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡಿನವಳು. ನಮ್ಮ ಕಡೆಯ ದೀವರ ಮನೆಗಳ ಗೋಡೆಯ ಮೇಲೆ, ಕೆಮ್ಮಣ್ಣಿನ ನೆಲೆಯಲ್ಲಿ ಅಕ್ಕಿಹಿಟ್ಟಿನ ಬಿಳಿಗೆರೆಯ ಚಿತ್ತಾರವನ್ನು ಹೆಂಗಸರು ಬರೆಯುವುದನ್ನು ನೋಡುತ್ತಲೇ ಬೆಳೆದವಳು. ಅದನ್ನು ಬಹುಶಃ ಒಮ್ಮೆಯೂ ನೋಡಿರದ ಒಬ್ಬರ ಕೈಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆಸಿಕೊಂಡು ಬಂದು, ಮೌಖಿಕ ಪರೀಕ್ಷೆಯಲ್ಲಿ ಅದರ ಬಗ್ಗೆ ಐದು ನಿಮಿಷ ಮಾತಾಡಿದೆ. ಹೇಳಿದ್ದೆಲ್ಲ ನಿಜವೇ. ಒಳ್ಳೆಯ ಅಂಕವೂ ಬಂತು.

ನಾನೊಬ್ಬಳೇ ಅಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಫೈಲುಗಳನ್ನು ಒಪ್ಪಿಸುವ ದಿನ ಮೇಜಿನ ಮೇಲೆ ಹರಡಿದ್ದಾಗ ಹನ್ನೊಂದು ಫೈಲುಗಳಲ್ಲಿ ಒಂದೇ ನವಿಲು ಒಂದೇ ಕಡೆಗೆ ಕುತ್ತಿಗೆ ಹೊರಳಿಸಿ ನಿಂತಿತ್ತು. ಆ ವಾರ ಸೂಕ್ಷ್ಮ ಬೋಧನೆಯ ದಾಖಲೆ, ಮನೋವಿಜ್ಞಾನದ ಪ್ರಯೋಗ ಪುಸ್ತಕ, ಎರಡು ನಿಯೋಜಿತ ಕಾರ್ಯ ಎಲ್ಲವೂ ಒಟ್ಟಿಗೆ ಬಿದ್ದಿದ್ದವು ಎಂಬುದೂ ನಿಜ. ಆದರೂ ಹನ್ನೊಂದು ನವಿಲುಗಳನ್ನು ನೋಡಿ ಯಾರೂ ಏನೂ ಹೇಳಲಿಲ್ಲವೆಂದರೆ, ನೋಡಬೇಕಾದದ್ದು ಚಿತ್ರವನ್ನಲ್ಲ, ಫೈಲಿನ ದಪ್ಪವನ್ನು ಎಂದು ನಾವೂ ನಮ್ಮ ಅಧ್ಯಾಪಕರೂ ಒಳಗೊಳಗೇ ಒಪ್ಪಿಕೊಂಡಿದ್ದೆವು ಎಂದಾಯಿತು.

2014ರ ಎನ್‌ಸಿಟಿಇ ನಿಯಮಾವಳಿಯಿಂದ ಬಿಇಡಿ ಎರಡು ವರ್ಷದ್ದಾದಾಗ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಲ್ಲ ವಿಷಯದವರೂ ಮಾಡಲೇಬೇಕಾದ ಭಾಗವಾಗಿ ಬಂತು. ಅದಕ್ಕೂ ಮೊದಲು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯವಾಗಿರಬೇಕು ಎಂದಿತ್ತು. ಸೇವಾಗ್ರಾಮದಲ್ಲಿ ಕಲಾ ಶಿಕ್ಷಕರಾಗಿದ್ದ ದೇವಿಪ್ರಸಾದರು ಕಲೆಯೇ ಶಿಕ್ಷಣದ ತಳಹದಿ ಎಂದು ತಮ್ಮ ಪುಸ್ತಕಕ್ಕೇ ಹೆಸರಿಟ್ಟರು. ಇವೆಲ್ಲವನ್ನೂ ನಾವು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ. ತಳಹದಿಯನ್ನು ನಾನೂರು ರೂಪಾಯಿಗೆ ತಂದುಕೊಂಡದ್ದು ಅದಾದ ಮೇಲೆ.

ಎರಡನೇ ವರ್ಷದಲ್ಲಿ ನಮಗೆ ಕಲಾ ತರಗತಿ ತೆಗೆದುಕೊಳ್ಳಲು ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ಬಂದರು. ಮೊದಲ ದಿನ ಬಂದವರೇ ಫ್ಯಾನು ಆರಿಸಿ ಎಂದರು. ಮಾರ್ಚ್ ತಿಂಗಳು, ಬಯಲುಸೀಮೆಯ ಊರು. ಫ್ಯಾನು ಆರಿಸುವ ಮೇಷ್ಟ್ರನ್ನು ಯಾರು ತಾನೇ ಇಷ್ಟಪಡುತ್ತಾರೆ? ಚೀಲದಿಂದ ಅವರು ತೆಗೆದದ್ದು ಹಳೆಯ ಪ್ಲಾಸ್ಟಿಕ್ ಫೈಲುಗಳ ಪಾರದರ್ಶಕ ಹೊದಿಕೆಗಳು, ಅಂಚಿಗೆ ಟೇಪು ಸುತ್ತಿದ ಎರಡು ಗಾಜಿನ ಫಲಕ, ಒಂದು ರಬ್ಬರ್ ರೋಲರ್, ನಾಲ್ಕು ಸ್ಟೀಲ್ ಚಮಚ, ಡಬ್ಬಿಯಲ್ಲಿ ಊರಿನ ಮುದ್ರಣಾಲಯದಿಂದ ತಂದ ಕಪ್ಪು ಆಫ್‌ಸೆಟ್ ಶಾಯಿ. ಇವತ್ತು ಮಾನೋಟೈಪ್ ಮಾಡೋಣ ಎಂದರು. ಆ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಕೇಳದವರಿಗೆ ಹೇಳಬೇಕೆಂದರೆ ಇದು ಅಚ್ಚು ಹಾಕುವ ಕಲೆಗಳಲ್ಲಿ ಅತಿ ಸರಳವಾದದ್ದು, ಒಂದು ರೀತಿಯಲ್ಲಿ ಅಚ್ಚಿನ ಉದ್ದೇಶಕ್ಕೇ ವಿರುದ್ಧವಾದದ್ದು. ಮರದ ಅಚ್ಚಿನಲ್ಲಿ, ಲಿನೋಲಿಯಂ ಅಚ್ಚಿನಲ್ಲಿ ಚಿತ್ರವನ್ನು ಕೆತ್ತಿರುತ್ತೇವೆ. ಶಾಯಿ ಹಚ್ಚಿದಷ್ಟು ಸಲವೂ ಅದೇ ಚಿತ್ರ ಬರುತ್ತದೆ. ಮಾನೋಟೈಪಿನಲ್ಲಿ ಫಲಕ ನುಣುಪಾಗಿರುತ್ತದೆ, ಅದರಲ್ಲಿ ಯಾವ ಗೆರೆಯನ್ನೂ ಕೆತ್ತಿರುವುದಿಲ್ಲ. ಹಸಿ ಶಾಯಿಯಲ್ಲೇ ಚಿತ್ರ ಮಾಡಿ, ಆರುವ ಮೊದಲು ಹಾಳೆಯನ್ನು ಒತ್ತಿ ಎತ್ತಬೇಕು. ಶಾಯಿಯ ಹೆಚ್ಚಿನ ಭಾಗ ಹಾಳೆಗೆ ಹೋಗಿಬಿಡುತ್ತದೆ. ಅದೇ ಚಿತ್ರದ ಎರಡನೇ ಪ್ರತಿ ಇಲ್ಲ. ಇನ್ನೊಮ್ಮೆ ಒತ್ತಿದರೆ ಉಳಿದ ಶಾಯಿಯ ಮಸುಕು ನೆರಳೊಂದು ಬರುತ್ತದೆ. ಅದಕ್ಕೆ ಭೂತಪ್ರತಿ ಎಂದು ನಮ್ಮ ಮೇಷ್ಟ್ರು ಕನ್ನಡದಲ್ಲಿ ಹೆಸರಿಟ್ಟಿದ್ದರು.

ಮೂರು ದಾರಿ ತೋರಿಸಿದರು. ಖಾಲಿ ಫಲಕದ ಮೇಲೆ ಕುಂಚದಿಂದ ಶಾಯಿ ಹಚ್ಚುತ್ತಾ ಹೋಗುವುದು ಒಂದು. ಇಡೀ ಫಲಕಕ್ಕೆ ಕಪ್ಪು ಬಳಿದು, ಬಟ್ಟೆ, ಬೆಂಕಿಕಡ್ಡಿ, ಬೆರಳುಗಳಿಂದ ಒರೆಸಿ ಒರೆಸಿ ಬೆಳಕನ್ನು ಹೊರತೆಗೆಯುವುದು ಇನ್ನೊಂದು. ಮೂರನೆಯದು ನನಗೆ ಹಿಡಿಸಿದ್ದು: ಫಲಕಕ್ಕೆ ತೆಳ್ಳಗೆ ಶಾಯಿ ಬಳಿದು, ಅದರ ಮೇಲೆ ಹಾಳೆಯನ್ನು ಹಗುರವಾಗಿ ಇಳಿಸಿ, ಹಾಳೆಯ ಬೆನ್ನಿನ ಮೇಲೆ ಪೆನ್ಸಿಲಿನಿಂದ ಬರೆಯುವುದು. ಪೆನ್ಸಿಲು ಒತ್ತಿದಲ್ಲಿ ಮಾತ್ರ ಕೆಳಗಿನ ಶಾಯಿ ಹಾಳೆಗೆ ಹಿಡಿಯುತ್ತದೆ. ಎತ್ತಿ ನೋಡಿದರೆ ನಾವು ಬರೆದ ಗೆರೆಯೇ, ಆದರೆ ಅಂಚಿನಲ್ಲಿ ಕೂದಲು ಬಿಟ್ಟುಕೊಂಡ ಹಾಗೆ ಮೆತ್ತಗಾಗಿರುತ್ತದೆ. ಬರೆಯುವಾಗ ಅಂಗೈ ಊರಿದ್ದರೆ ಅದರ ಮಸಿಯೂ ಬಂದಿರುತ್ತದೆ. ಶಾಯಿ ಎಷ್ಟಿರಬೇಕು ಎನ್ನುವುದಕ್ಕೆ ಅಳತೆ ಇಲ್ಲ. ರೋಲರ್ ಉರುಳುವಾಗ ಸಣ್ಣಗೆ ಚುರುಚುರು ಎನ್ನಬೇಕು, ಪಿಚಪಿಚ ಎಂದರೆ ಹೆಚ್ಚಾಯಿತು ಎಂದರು ಮೇಷ್ಟ್ರು. ಕಿವಿಯಿಂದ ಅಳೆಯುವ ಈ ವಿದ್ಯೆ ನನಗೆ ಬರಲು ಮೂರು ತರಗತಿ ಹಿಡಿಯಿತು. ಮೊದಲ ಎರಡರಲ್ಲಿ ನನ್ನ ಹಾಳೆಗಳೆಲ್ಲ ಸುಟ್ಟ ರೊಟ್ಟಿಯ ಹಾಗೆ ಪೂರ್ತಿ ಕಪ್ಪಾಗಿ ಎದ್ದವು.

ಈ ಭೂತಪ್ರತಿ ನನಗೆ ಹೊಸದೇನಲ್ಲ ಎಂದು ಆಮೇಲೆ ಹೊಳೆಯಿತು. ನಮ್ಮೂರಿನ ಅಗಳಿನ ಬದಿಯಲ್ಲಿ ಎಲೆಯಡಿ ಬೆಳ್ಳನೆಯ ಹುಡಿ ಇರುವ ಒಂದು ಜರೀಗಿಡ ಬೆಳೆಯುತ್ತದೆ. ಶಾಲೆಯಿಂದ ಬರುವಾಗ ಅದನ್ನು ಕಿತ್ತು ತೋಳಿನ ಮೇಲೆ ಇಟ್ಟು ಪಟ್ಟೆಂದು ಹೊಡೆಯುತ್ತಿದ್ದೆವು. ಎಲೆ ಎತ್ತಿದರೆ ತೋಳಿನ ಮೇಲೆ ಬಿಳಿಯ ಜರಿ. ಅದೇ ಎಲೆಯನ್ನು ತಂಗಿಯ ತೋಳಿಗೆ ಹೊಡೆದರೆ ಅವಳಿಗೆ ಬರೀ ನೆರಳು ಸಿಕ್ಕಿ ಅವಳು ಅಳುತ್ತಿದ್ದಳು. ಮೊದಲ ಅಚ್ಚು ಯಾರಿಗೆ ಎನ್ನುವುದರ ಮೇಲೆ ಜಗಳಗಳಾಗಿವೆ.

ಇತಿಹಾಸವನ್ನು ಮೇಷ್ಟ್ರು ಹೆಚ್ಚು ಹೇಳಲಿಲ್ಲ, ನಾನೇ ಹುಡುಕಿಕೊಂಡೆ. 1640ರ ದಶಕದಲ್ಲಿ ಇಟಲಿಯ ಜಿನೋವಾದ ಜಿಯೊವಾನ್ನಿ ಬೆನೆಡೆಟ್ಟೊ ಕಾಸ್ಟಿಲಿಯೋನೆ ಎಂಬ ಕಲಾವಿದ ಇದನ್ನು ಶುರುಮಾಡಿದ ಎಂದು ಹೇಳುತ್ತಾರೆ. ಎರಡು ಶತಮಾನದ ಮೇಲೆ, 1870ರ ದಶಕದ ನಡುವಿನಲ್ಲಿ, ಪ್ಯಾರಿಸ್ಸಿನ ಎಡ್ಗರ್ ದೆಗಾ ತನ್ನ ಗೆಳೆಯ ಲೆಪಿಕ್‌ನಿಂದ ಕಲಿತು ಮುನ್ನೂರಕ್ಕೂ ಹೆಚ್ಚು ಮಾನೋಟೈಪ್ ಮಾಡಿದ. ಆತ ಮಸುಕಾದ ಎರಡನೇ ಅಚ್ಚನ್ನೂ ಎಸೆಯುತ್ತಿರಲಿಲ್ಲ, ಎಷ್ಟೋ ಸಲ ಅದರ ಮೇಲೆ ಪೇಸ್ಟಲ್ ಬಣ್ಣದಿಂದ ಬೇರೆಯದೇ ಚಿತ್ರ ಕಟ್ಟುತ್ತಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನದೊಂದು ತಪ್ಪನ್ನು ಹೇಳುವಾಗ ಬೇಕಾಗುತ್ತದೆ. ಬೆನ್ನಿನ ಮೇಲೆ ಬರೆಯುವ ಮೂರನೆಯ ದಾರಿಯನ್ನು 1899ರಿಂದೀಚೆಗೆ ಪಾಲ್ ಗೊಗೇನ್ ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಕುಳಿತು ಬಹಳ ಬಳಸಿದ.

ವಿಜ್ಞಾನದವಳಾದ ನನಗೆ ಇವರೆಲ್ಲರಿಗಿಂತ ಹತ್ತಿರವಾದವರು ಕೃಷ್ಣ ರೆಡ್ಡಿ. ಚಿತ್ತೂರಿನ ಕಡೆಯವರು, ಶಾಂತಿನಿಕೇತನದಲ್ಲಿ ಕಲಿತು ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದ ಮುದ್ರಣ ಕಲಾವಿದರು, 2018ರಲ್ಲಿ ತೀರಿಕೊಂಡರು. ಅವರದು ಮಾನೋಟೈಪ್ ಅಲ್ಲ, ಕೆತ್ತಿದ ಲೋಹದ ಫಲಕ. ಆದರೆ ಒಂದೇ ಫಲಕದ ಮೇಲೆ ಹಲವು ಬಣ್ಣಗಳನ್ನು ಬೆರೆಯದಂತೆ ನಿಲ್ಲಿಸಲು ಅವರೂ ಅವರ ಸಂಗಡಿಗರೂ ಬಳಸಿದ್ದು ಶಾಯಿಯ ಸ್ನಿಗ್ಧತೆಯನ್ನು. ಎಣ್ಣೆ ಬೆರೆಸಿ ತೆಳುವಾಗಿಸಿದ ಶಾಯಿಯ ಮೇಲೆ ಗಟ್ಟಿ ಶಾಯಿಯ ರೋಲರ್ ಓಡಿಸಿದರೆ ತೆಳು ಶಾಯಿ ಗಟ್ಟಿ ಶಾಯಿಯನ್ನು ಹತ್ತಿರ ಸೇರಿಸುವುದಿಲ್ಲ. ಪದವಿಯಲ್ಲಿ ಸ್ನಿಗ್ಧತೆಯ ಪ್ರಯೋಗವನ್ನು ನಾನು ಓಸ್ಟ್‌ವಾಲ್ಡ್ ಮಾಪಕದಲ್ಲಿ ಮಾಡಿ ಅಂಕ ಪಡೆದಿದ್ದೆ. ಅದು ಬೆರಳಿಗೆ ತಿಳಿದದ್ದು ಕಲಾ ತರಗತಿಯಲ್ಲಿ. ಹಾಗೆಯೇ ಗ್ಲಿಸರಿನ್. ನಮ್ಮ ಬಿಸಿಲಿಗೆ ಪೋಸ್ಟರ್ ಬಣ್ಣ ಎರಡು ನಿಮಿಷದಲ್ಲಿ ಫಲಕದ ಮೇಲೇ ಒಣಗುತ್ತಿತ್ತು. ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಕಾಂಡದ ತೆಳುಪದರ ಒಣಗದಿರಲಿ ಎಂದು ಗ್ಲಿಸರಿನ್ ಹನಿ ಹಾಕುತ್ತಿದ್ದದ್ದು ನೆನಪಾಗಿ ಬಣ್ಣಕ್ಕೂ ನಾಲ್ಕು ಹನಿ ಹಾಕಿ ನೋಡಿದೆ. ನಡೆಯಿತು. ಮೇಷ್ಟ್ರು, ಇದು ನನಗೆ ಮೊದಲೇ ಗೊತ್ತಿತ್ತು, ನೀವು ಯಾರಾದರೂ ಹೇಳುತ್ತೀರೋ ಅಂತ ಕಾಯುತ್ತಿದ್ದೆ ಎಂದರು. ಆಗ ಸಿಟ್ಟು ಬಂದಿತ್ತು.

ಇನ್ನು ಬೋಧನಾಭ್ಯಾಸದ ವಿಷಯ. ಸಾಮಾನ್ಯವಾಗಿ ಹತ್ತನೇ ತರಗತಿಯನ್ನು ನಮ್ಮಂಥವರ ಕೈಗೆ ಕೊಡುವುದಿಲ್ಲ. ನಾನು ಹೋದ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ನನಗೆ ಹತ್ತು ದಿನ ಸಿಕ್ಕಿತು. 'ಜೀವಕ್ರಿಯೆಗಳು' ಘಟಕ, ಮನುಷ್ಯನ ಹೃದಯ. ಪಾಠ ಯೋಜನೆ ಚೆನ್ನಾಗಿತ್ತು. ಕೆಂಪು, ನೀಲಿ ಬಣ್ಣದ ಚಾರ್ಟು ಇತ್ತು. ಮಕ್ಕಳು ಭಾಗಗಳನ್ನು ಗುರುತಿಸಿದರು: ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ. ಕಿರುಪರೀಕ್ಷೆಯಲ್ಲಿ ಹೆಚ್ಚಿನವರು ಪೂರ್ತಿ ಅಂಕ ತೆಗೆದರು. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಹಾಳೆಯಲ್ಲಿ 'ಉತ್ತಮ' ಎಂದು ಬರೆದರು.

ಒಂದು ವಾರದ ಮೇಲೆ ಪುನರಾವರ್ತನೆಯ ಅವಧಿ. ಹೊಸದಾಗಿ ಕಲಿತ ಮಾನೋಟೈಪನ್ನು ಅಲ್ಲಿ ತೋರಿಸುವ ಉಮೇದು ಬಂತು. ಕಲಾ ಸಂಯೋಜಿತ ಕಲಿಕೆ ಎಂದು ಯೋಜನೆಯಲ್ಲಿ ಬರೆದುಕೊಂಡೆ; ಆ ಪದಕ್ಕೆ ಈಗ ಬೆಲೆಯಿದೆ. ಶಾಯಿ ಬಳಿದ ಫಲಕದ ಮೇಲೆ ಹಾಳೆಯಿಟ್ಟು, ಅದರ ಬೆನ್ನಿನ ಮೇಲೆ ಪಠ್ಯಪುಸ್ತಕದ ಹೃದಯವನ್ನು ಹಾಗೆಯೇ ಬರೆದು, ಜಾದೂಗಾರಳ ಹಾಗೆ ಎತ್ತಿ ತೋರಿಸಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಹೇಳಿದ: "ಮಿಸ್, ನಿಮ್ಮ ಹೃದಯ ತಿರುಗಿದೆ."

ತರಗತಿ ನಕ್ಕಿತು, ನಾನೂ ನಕ್ಕೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ ಎನ್ನುವುದು ಆ ಹುಮ್ಮಸ್ಸಿನಲ್ಲಿ ಮರೆತೇಹೋಗಿತ್ತು. ದಪ್ಪ ಗೋಡೆಯ ಎಡ ಹೃತ್ಕುಕ್ಷಿ ಪುಸ್ತಕದಲ್ಲಿ ಹಾಳೆಯ ಬಲಗಡೆ ಇದೆ, ನನ್ನ ಅಚ್ಚಿನಲ್ಲಿ ಎಡಗಡೆ ಬಂದಿತ್ತು. ತಪ್ಪಾಯಿತು ಎಂದು ಹಾಳೆ ಮಡಚುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ, "ಇಲ್ಲ ಮಿಸ್, ಈಗಲೇ ಸರಿಯಾಯಿತು. ಎಡ ಎಡಗಡೆಗೇ ಬಂತಲ್ಲ. ಪುಸ್ತಕದಲ್ಲಿ ತಪ್ಪಾಗಿದೆ" ಎಂದಳು. ಐದಾರು ತಲೆಗಳು ಹೌದು ಹೌದು ಎಂದು ಆಡಿದವು. ಕಿರುಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ ತಲೆಗಳು.

ಅಂದರೆ ಎರಡು ಅವಧಿ ಪಾಠ ಮಾಡಿ, ಚಾರ್ಟು ತೂಗುಹಾಕಿ, ಪರೀಕ್ಷೆ ಮಾಡಿ ಅಂಕ ಕೊಟ್ಟ ಮೇಲೂ, ಆ ಚಿತ್ರದಲ್ಲಿ 'ಎಡ' ಎಂಬ ಮಾತು ಬಲಗಡೆ ಯಾಕಿದೆ ಎಂದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಪುಸ್ತಕ ಹೇಳಿದ ಜಾಗದಲ್ಲಿ ಪುಸ್ತಕ ಹೇಳಿದ ಹೆಸರನ್ನು ಬರೆದಿದ್ದರು, ಅಷ್ಟೆ. ಅದು ಎದುರಿಗೆ ನಿಂತ ಮನುಷ್ಯನ ಹೃದಯ, ಅವನ ಎಡ ನಮಗೆ ಬಲ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಹೇಳಬೇಕೆಂದು ನನಗೇ ಹೊಳೆದಿರಲಿಲ್ಲ. ನಾನೂ ಹತ್ತನೇ ತರಗತಿಯಲ್ಲಿ ಹಾಗೆಯೇ ಬರೆದು ಬಂದವಳು. ಬಿಎಸ್ಸಿ ಮುಗಿಸಿ ಎರಡು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದ ಮೇಲೂ.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿದೆ. ಎಡಗೈ ಎತ್ತಿ ಎಂದೆ. ಗದ್ದಲವಾಯಿತು. ಒಬ್ಬಳು ಪುಸ್ತಕದ ಚಿತ್ರವನ್ನು ಹೊರಮುಖವಾಗಿ ಎದೆಗೆ ಹಿಡಿದುಕೊಂಡು, "ಈಗ ಎಡ ನನ್ನ ಎಡಕ್ಕೇ ಬಂತು" ಎಂದಳು. ತಿರುಗಿದೆ ಎಂದು ಹೇಳಿದ ಹುಡುಗ ನನ್ನ ಅಚ್ಚನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಬೆನ್ನಿನ ಮೇಲೆ ಪೆನ್ಸಿಲಿನ ಹೃದಯ, ಮುಂದೆ ಶಾಯಿಯ ಹೃದಯ. ಹಾಳೆಯ ಒಂದು ಮಗ್ಗುಲಲ್ಲಿ ಎದುರಿಗೆ ನಿಂತವನದು, ಇನ್ನೊಂದು ಮಗ್ಗುಲಲ್ಲಿ ಕನ್ನಡಿಯಲ್ಲಿ ಕಾಣುವ ನಮ್ಮದೇ. ಹಾಗಾದರೆ ಯಾರಿಗಾದರೂ ನಿಜವಾಗಿ ಹೀಗೆ ತಿರುಗಿ ಇರುತ್ತದೆಯೇ ಎಂದು ಕೇಳಿದ. ಇರುತ್ತದೆ, ಬಹಳ ಅಪರೂಪ, ಡೆಕ್ಸ್ಟ್ರೋಕಾರ್ಡಿಯಾ ಎನ್ನುತ್ತಾರೆ, ಕೆಲವರಲ್ಲಿ ಹೊಟ್ಟೆಯ ಅಂಗಗಳೂ ಕನ್ನಡಿಯ ಹಾಗೆ ಬದಲಾಗಿರುತ್ತವೆ ಎಂದೆ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ ಎಂದು ಬರೆಯುವ ಆಸೆಯಿದೆ. ಕೇಳಿಸಿತು, ಎಲ್ಲರೂ ಊಟಕ್ಕೆ ಓಡಿದರು.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಮಕ್ಕಳ 'ನಿರೀಕ್ಷಿತ ಉತ್ತರ' ಎಂದು ಒಂದು ಕಲಂ ಇರುತ್ತದೆ. ಮಕ್ಕಳು ಹೇಳಬೇಕಾದದ್ದನ್ನೂ ಹಿಂದಿನ ರಾತ್ರಿ ನಾವೇ ಬರೆದು ಮುಗಿಸಿರುತ್ತೇವೆ. "ನಿಮ್ಮ ಹೃದಯ ತಿರುಗಿದೆ" ಎನ್ನುವುದು ಆ ಕಲಂನಲ್ಲಿ ಇರಲಿಲ್ಲ. ನಿಜವಾಗಿ ಹೇಳಿದ್ದನ್ನು ಬರೆಯಲು ನಮೂನೆಯಲ್ಲಿ ಬೇರೆ ಜಾಗವೂ ಇರಲಿಲ್ಲ.

ಈ ಪ್ರಸಂಗವನ್ನು ಕೇಳಿದವರೆಲ್ಲ, ನೋಡು, ಕಲೆಯಿಂದ ವಿಜ್ಞಾನ ಎಷ್ಟು ಚೆನ್ನಾಗಿ ಕಲಿಸಬಹುದು ಎನ್ನುತ್ತಾರೆ. ಇಲ್ಲೇ ನನ್ನ ಭಿನ್ನಾಭಿಪ್ರಾಯ. ನಾನು ಮಾಡಿದ್ದು ಹೃದಯದ ಚಾರ್ಟನ್ನು ಶಾಯಿಯಲ್ಲಿ ಬರೆದದ್ದು. ತಪ್ಪಾದದ್ದರಿಂದ ಮಾತ್ರ ಅದರಲ್ಲಿ ಏನೋ ಸಿಕ್ಕಿತು. ಮರುದಿನ ಇನ್ನೊಂದು ವಿಭಾಗದಲ್ಲಿ ಅದೇ ತಪ್ಪನ್ನು ಬೇಕೆಂದೇ ಮಾಡಿದೆ. ಹಾಳೆ ಎತ್ತಿದೆ, ಕಾದೆ. ಯಾರೂ ಏನೂ ಹೇಳಲಿಲ್ಲ. ಕೊನೆಗೆ ನಾನೇ, ಏನು ಬದಲಾಗಿದೆ ಹೇಳಿ ಎಂದು ಕೇಳಿದೆ. ಸರಿಯಾದ ಉತ್ತರ ಬಂತು, ಪಾಠ ಮುಂದೆ ಹೋಯಿತು. ನಾನು ಆ ತಪ್ಪನ್ನೂ ಒಂದು ಬೋಧನೋಪಕರಣ ಮಾಡಿಬಿಟ್ಟಿದ್ದೆ.

ನಾವು ಕಲಾ ಸಂಯೋಜನೆ ಎಂದು ಕರೆಯುವುದರಲ್ಲಿ ಕಲೆಯ ಪಾಲು ಚಾರ್ಟಿನ ಸುತ್ತ ಹೂಬಳ್ಳಿ ಬರೆಯುವಷ್ಟೇ. ಕಲೆ ವಿಜ್ಞಾನದ ಮನೆಯಲ್ಲಿ ಕೆಲಸಕ್ಕಿರುವ ಹುಡುಗಿಯ ಹಾಗೆ: ಬರಬೇಕು, ಗುಡಿಸಬೇಕು, ಹೋಗಬೇಕು. ನನಗೆ ಉಪಯೋಗವಾದದ್ದು ಹೃದಯದ ಅಚ್ಚಲ್ಲ. ಅದಕ್ಕೂ ಮೊದಲು ಕಾಲೇಜಿನಲ್ಲಿ ಯಾವ ಘಟಕಕ್ಕೂ ಸೇರದೆ ಹಾಳುಮಾಡಿದ ಹದಿನೈದು ಕಪ್ಪು ಹಾಳೆಗಳು. ಅವುಗಳಲ್ಲಿ ಕೈ ಪಳಗಿರದಿದ್ದರೆ ಮಕ್ಕಳ ಮುಂದೆ ತಪ್ಪಾದಾಗ ನಾನು ನಗುತ್ತಿರಲಿಲ್ಲ. ಹಾಳೆ ಮಡಚಿ, ಸೈಲೆನ್ಸ್ ಎನ್ನುತ್ತಿದ್ದೆ. ಮೊದಲ ವರ್ಷದಲ್ಲಿ ಹಾಗೆ ಅಂದಿದ್ದೇನೆ.

ಅದಕ್ಕೇ ಕೊನೆಯ ವಾರ ಒಂದು ಅವಧಿ ಕದ್ದೆ. ಒಂಬತ್ತನೇ ತರಗತಿ. ಯೋಜನೆಯಲ್ಲಿ 'ಎಲೆಗಳ ನಾಳವಿನ್ಯಾಸ' ಎಂದು ಬರೆದು, ಸುಮ್ಮನೆ ಅಚ್ಚು ಹಾಕಿಸಿದೆ. ಅರಳಿ, ದಾಸವಾಳ, ಬೇವು, ಯಾರೋ ಬಾಳೆಲೆಯ ತುಂಡು ತಂದಿದ್ದರು. ಬಣ್ಣ ಬಳಿದ ಪ್ಲಾಸ್ಟಿಕ್ ಹಾಳೆಯ ಮೇಲೆ ನರ ಎದ್ದು ಕಾಣುವ ಅಡಿಬದಿಯನ್ನು ಕೆಳಗೆ ಮಾಡಿ ಎಲೆಯಿಟ್ಟು, ಮೇಲೆ ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಮೊದಲು ಬರುವುದು ಎಲೆಯ ಆಕಾರದ ಬಿಳಿ ಖಾಲಿ ಜಾಗ. ಮಕ್ಕಳ ಮುಖ ಸಪ್ಪಗಾಯಿತು. ಎಲೆಯನ್ನು ತೆಗೆದು ಇನ್ನೊಂದು ಹಾಳೆ ಒತ್ತಿಸಿದೆ. ಆ ಭೂತಪ್ರತಿಯಲ್ಲಿ ಅರಳಿ ಎಲೆಯ ಒಂದೊಂದು ನರವೂ ಬಂದಿತ್ತು. ನಲವತ್ತೆರಡು ಮಕ್ಕಳು, ಐದು ಚಮಚ, ಒಂದು ನಲ್ಲಿ. ಡೆಸ್ಕಿನ ಮೇಲೆ, ಸಮವಸ್ತ್ರದ ಮೇಲೆ, ಒಬ್ಬನ ಕಿವಿಯ ಮೇಲೆ ನೀಲಿ.

ಆ ಗುಂಪಿನಲ್ಲಿ ಒಬ್ಬಳಿದ್ದಳು, ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆಗೆ ಬಹುಮಾನ ತಂದವಳು. ಅಳತೆಪಟ್ಟಿ ಇಟ್ಟಷ್ಟು ಅಚ್ಚುಕಟ್ಟು. ಎಲೆಯ ಬದಲು ಅವಳು ಬಣ್ಣದಲ್ಲಿ ಒಂದು ಮನೆ, ಬೆಟ್ಟ, ಸೂರ್ಯ ಬರೆದಳು. ಬಣ್ಣ ಹೆಚ್ಚಾಗಿತ್ತು, ಒತ್ತಿದಾಗ ಎಲ್ಲವೂ ಹರಡಿ ಕಲಸಿಹೋಯಿತು. "ಇನ್ನೊಂದು ಸಲ ಮಾಡಲಾ ಮಿಸ್?" ಎಂದಳು. ಹಾಳೆ ಮುಗಿಯುತ್ತಾ ಬಂದಿತ್ತು. ನಾನು, ಇದಕ್ಕೆ ಎರಡನೇ ಪ್ರತಿ ಇಲ್ಲಮ್ಮ, ಬಂದದ್ದೇ ಚಿತ್ರ ಎಂದೆ. ಮೇಷ್ಟ್ರ ಮಾತನ್ನೇ ಜಾಣತನದಿಂದ ಎತ್ತಿ ಆಡಿದ್ದೆ. ಅವಳು ಅದನ್ನು ನಾಲ್ಕಾಗಿ ಹರಿದು ಚೀಲಕ್ಕೆ ಹಾಕಿಕೊಂಡಳು.

ನನಗೆ ದೆಗಾನ ವಿಷಯ ಗೊತ್ತಿತ್ತು. ಫಲಕದ ಮೇಲೆ ಇನ್ನೂ ಬಣ್ಣವಿತ್ತು. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಕೊಟ್ಟು ಒತ್ತಿಸಿ, ಒಣಗಿದ ಮೇಲೆ ಅದರ ಮೇಲೆ ನಿನ್ನ ಬಣ್ಣದ ಪೆನ್ಸಿಲಿನಿಂದ ಬರಿ ಎನ್ನಬಹುದಿತ್ತು. ಗೆರೆಯ ಮೇಲೆ ಹಿಡಿತ ಇರುವವಳಿಗೆ ಅದೇ ಸರಿಯಾದ ದಾರಿ. ಅವಳ ಕೈಲಿದ್ದ ವಿದ್ಯೆಯನ್ನು ದೋಷ ಎಂಬಂತೆ ನೋಡಿದೆ. ಅಚ್ಚುಕಟ್ಟಾಗಿ ಬರೆಯುವವರೆಲ್ಲ ನಕಲು ಮಾಡುವವರು ಎಂದು ಆಗ ನನ್ನ ಹೊಸ ಹುಮ್ಮಸ್ಸಿಗೆ ಅನ್ನಿಸುತ್ತಿತ್ತು. ನಕಲನ್ನು ದುಡ್ಡು ಕೊಟ್ಟು ತಂದವಳು ನಾನು, ಅವಳಲ್ಲ. ಬೀಳ್ಕೊಡುಗೆಯ ದಿನ ಎಲ್ಲರೂ ನನ್ನ ಪುಸ್ತಕದಲ್ಲಿ ಏನೇನೋ ಬರೆದರು. ಅವಳು ಸಹಿ ಮಾತ್ರ ಹಾಕಿದಳು.

ಆದ್ದರಿಂದ ಮಾನೋಟೈಪ್ ಎಲ್ಲ ಮಕ್ಕಳನ್ನೂ ಅರಳಿಸುತ್ತದೆ ಎಂದೇನೂ ನಾನು ವಾದಿಸುವುದಿಲ್ಲ. ನನ್ನ ವಾದ ಶಾಲೆಯದ್ದಲ್ಲ, ನಮ್ಮ ಕಾಲೇಜಿನದ್ದು. ಶಿಕ್ಷಕರಾಗುವವರ ಕಲಾ ತರಗತಿಯಲ್ಲಿ ಮನೆಯಿಂದ ತರುವ ಫೈಲಿಗೆ ಅಂಕ ಕೊಡುವುದನ್ನು ನಿಲ್ಲಿಸಬೇಕು. ಅಲ್ಲೇ, ಆ ಅವಧಿಯಲ್ಲೇ, ಅಧ್ಯಾಪಕರ ಎದುರಿಗೇ ಆಗುವ ಕೆಲಸಕ್ಕೆ ಮಾತ್ರ ಅಂಕ ಇರಬೇಕು. ಮಾನೋಟೈಪ್ ಅದಕ್ಕೆ ಒದಗುತ್ತದೆ ಏಕೆಂದರೆ ಅದನ್ನು ಬಸ್ ನಿಲ್ದಾಣದ ಹಿಂದೆ ಮಾಡಿಸಿ ತರುವುದು ಕಷ್ಟ. ಹನ್ನೊಂದು ಫೈಲುಗಳಲ್ಲಿ ಒಂದೇ ನವಿಲು ಬರಲು ಸಾಧ್ಯವೇ ಇಲ್ಲ. ಹಾಳಾದ ಹಾಳೆಗಳನ್ನೂ ಒಪ್ಪಿಸಬೇಕು ಎಂದಿರಲಿ. ಪ್ರತಿ ಹಾಳೆಯ ಬೆನ್ನಿಗೆ ಏನಾಯಿತು ಎಂದು ಒಂದು ಸಾಲು: ಶಾಯಿ ಹೆಚ್ಚಾಯಿತು, ಕಾಗದ ಜರುಗಿತು, ಬಣ್ಣ ಆರಿತ್ತು. ಪಾಠ ಯೋಜನೆಯಲ್ಲಿಯೂ ನಿರೀಕ್ಷಿತ ಉತ್ತರದ ಪಕ್ಕದಲ್ಲಿ ಅಂಥದೊಂದು ಖಾಲಿ ಕಲಂ ಬಂದರೆ ನನಗೆ ಇನ್ನೂ ಸಂತೋಷ, ಆದರೆ ಅದು ಬೇರೆಯೇ ಲೇಖನದ ಮಾತು.

ಖರ್ಚಿನ ಮಾತು ಖಂಡಿತ ಬರುತ್ತದೆ. ಇಪ್ಪತ್ತು ಮಂದಿಯ ನಮ್ಮ ಗುಂಪಿಗೆ ಎರಡು ಬಾಟಲಿ ಪೋಸ್ಟರ್ ಬಣ್ಣ, ಒಂದು ಚಿಕ್ಕ ಸೀಸೆ ಗ್ಲಿಸರಿನ್, ಅಗ್ಗದ ಕಾಗದ, ಎಲ್ಲ ಸೇರಿ ನಾನೊಬ್ಬಳೇ ಆ ಫೈಲಿಗೆ ಕೊಟ್ಟದ್ದಕ್ಕಿಂತ ಕಡಿಮೆಯಲ್ಲಿ ಮುಗಿಯಿತು. ಫಲಕಕ್ಕೆ ಹಳೆಯ ಫೈಲಿನ ಹೊದಿಕೆ ಸಾಕು. ರೋಲರ್ ಇಲ್ಲದಿದ್ದರೆ ಸ್ಪಂಜು, ಒತ್ತಲು ಚಮಚ ಅಥವಾ ಲಟ್ಟಣಿಗೆ. ಮುದ್ರಣಾಲಯದ ಶಾಯಿ ಬಳಸಿದರೆ ತೊಳೆಯಲು ಸೋಪು ಕೆಲಸ ಮಾಡುವುದಿಲ್ಲ, ಮೊದಲು ಅಡುಗೆ ಎಣ್ಣೆಯಲ್ಲಿ ಒರೆಸಬೇಕು. ಇದು ನಮ್ಮ ಹಾಸ್ಟೆಲಿನ ಬಚ್ಚಲುಮನೆಯ ಗೋಡೆ ಕಲಿಸಿದ ಪಾಠ.

ಸಮಯದ ಮಾತನ್ನು ಮಾತ್ರ ನಾನು ಸುಲಭವಾಗಿ ತಳ್ಳಿಹಾಕಲಾರೆ. ನನ್ನ ಮಾರ್ಗದರ್ಶಕ ಶಿಕ್ಷಕರು ಹೃದಯದ ಪ್ರಸಂಗ ಕೇಳಿ ಖುಷಿಪಟ್ಟರು. ಆಮೇಲೆ, "ಎಲ್ಲ ಸರಿ, ಪರೀಕ್ಷೆಯಲ್ಲಿ ಚಿತ್ರ ಬರೆದು ಭಾಗ ಗುರುತಿಸಿ ಅಂತಾರೆ. ತಿರುಗಿದ ಹೃದಯ ಯಾರಾದರೂ ಬರೆದು ಬಂದರೆ ಅಂಕ ಹೋಯಿತು. ನಾಳೆ ಒಮ್ಮೆ ಪುಸ್ತಕದ್ದನ್ನೇ ಬರೆಸಿಬಿಡಿ" ಎಂದರು. ಅವರ ತರಗತಿಯ ಫಲಿತಾಂಶಕ್ಕೆ ಅವರು ಉತ್ತರ ಹೇಳಬೇಕು, ನಾನಲ್ಲ. ಮರುದಿನ ಬರೆಸಿದೆ. ಎಲ್ಲರೂ ಸರಿಯಾಗಿ ಬರೆದರು. ಕೆಲವರು ಚಿತ್ರದ ಮೂಲೆಯಲ್ಲಿ, ನಾನು ಹೇಳದಿದ್ದರೂ, ಎದುರಿಗೆ ನಿಂತ ಒಬ್ಬ ಕಡ್ಡಿಮನುಷ್ಯನನ್ನು ಬರೆದಿದ್ದರು.

ಈ ಲೇಖನ ಕೊಡುವ ಮೊದಲು ನಮ್ಮ ಅಧ್ಯಾಪಕರನ್ನು ಕಂಡು ಮೊದಲ ವರ್ಷದ ಫೈಲಿನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಕ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ಈಗ ಬದಲಿಸಲು ಬರುವುದಿಲ್ಲ ಎಂದರು. ಫೈಲನ್ನಾದರೂ ವಾಪಸ್ ಕೊಡಿ ಎಂದೆ. ಕಪಾಟಿನಿಂದ ಹುಡುಕಿ ಕೊಟ್ಟರು. ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಗಟ್ಟಿಯಾಗಿತ್ತು. ಕತ್ತರಿಸಿದರೆ ಎರಡು ಒಳ್ಳೆಯ ಫಲಕಗಳಾಗುತ್ತವೆ.